‘ರೀ’ ಎಂಬುವರನ್ನು ಕಂಡಿರಾ?

ಮನೆಯ ಹೊರಗೆ ಎಷ್ಟು ಹೆಸರಿದ್ದರೂ ಮನೆಯ ಒಳಗೆ ಮನುಷ್ಯನಿಗೆ ಒಂದಾದರೂ ಹೆಸರಿರಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಅಭಿಪ್ರಾಯ ಎನ್ನುವುದಕ್ಕಿಂತ ಕೊರಗು ಎಂದರೇ ಸರಿ. ಪುರೋಹಿತರನ್ನು ಕರೆಸಿ, ಅಕ್ಕಿಯ ಮೇಲೆ ಬರೆಸಿ, ಕಿವಿಯಲ್ಲಿ ಮೂರು ಸಲ ಉಸುರಿ ಅಪ್ಪ ಅಮ್ಮ ನನಗೆ ಇಟ್ಟ ಹೆಸರು ವಿಶ್ವನಾಥ. ಆ ಮೂರು ಸಲ ಕೇಳಿದ್ದೇ ಬಂತು. ಆಮೇಲೆ ಅಮ್ಮನಿಗೆ ನಾನು ‘ವಿಶೂ’ ಆದೆ. ಕೆನಡಾಕ್ಕೆ ಬಂದು ಯೂನಿಯನ್‌ವಿಲ್ ಹತ್ತಿರದ ಆಫೀಸಿಗೆ ಸೇರಿದ ಮೊದಲ ದಿನವೇ ಮ್ಯಾನೇಜರು ನನ್ನ ಹೆಸರನ್ನು ಒಮ್ಮೆ ಬಾಯಲ್ಲಿ ಹಾಕಿಕೊಂಡು, ಅಗಿಯಲಾರದೆ, ‘ವಿಶ್’ ಎಂಬಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟರು. ಕನ್ನಡ ಸಂಘದಲ್ಲಿ ನಾನು ‘ಸರ್’. ಪಕ್ಕದ ಮನೆಯ ಪಂಜಾಬಿಗಳಿಗೆ ‘ಭಾಯಿಸಾಬ್’. ಮಗಳು ಮೇಘಳಿಗೆ ‘ಡ್ಯಾಡ್’. ಇನ್ನು ನನ್ನ ಹೆಂಡತಿಗೆ ನಾನು ‘ರೀ’.

ಈ ‘ರೀ’ ಎಂಬ ಒಂದಕ್ಷರದಲ್ಲಿ ಏನುಂಟು ಏನಿಲ್ಲ! ಕಸದ ಡಬ್ಬಿ ಹೊರಗಿಡಲು ಹೇಳುವ ರೀ ಬೇರೆ, ಊರಿನಿಂದ ಫೋನು ಬಂದಿದೆ ಎನ್ನುವ ರೀ ಬೇರೆ. ಹೆದ್ದಾರಿಯಲ್ಲಿ ನಾನು ಇಳಿಯಬೇಕಾದ ಎಕ್ಸಿಟ್ ಬಿಟ್ಟು ಮುಂದೆ ಹೋದಾಗ ಹೊರಡುವ ರೀ ಇನ್ನೂ ಬೇರೆ. ಅದು ಮುಂದಿನ ಎಕ್ಸಿಟ್ ಬರುವವರೆಗೂ ಮುಗಿಯುವುದಿಲ್ಲ. ಇಷ್ಟು ವರ್ಷದ ಅಭ್ಯಾಸದಿಂದ ನನಗೆ ಇವೆಲ್ಲ ಅರ್ಥವಾಗುತ್ತವೆ. ಆದರೂ ಅವಳ ಬಾಯಿಂದ ಒಂದೇ ಒಂದು ಸಲ ನನ್ನ ಹೆಸರು ಕೇಳಬೇಕೆಂಬ ಆಸೆ ಮದುವೆಯಾದ ಹೊಸದರಲ್ಲಿ ಹುಟ್ಟಿದ್ದು, ಹಾಗೇ ಉಳಿದುಕೊಂಡಿತ್ತು. ಕೇಳಿಯೂ ನೋಡಿದ್ದೆ. “ಸುಮ್ನಿರಿ ರೀ, ವಯಸ್ಸಿಗೆ ತಕ್ಕ ಹಾಗೆ ಮಾತಾಡಿ” ಎಂದಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳಿದ್ದರಂತೆ. ಇದನ್ನು ನಂಬುವವಳು ಯಾರೆಂದರೆ, ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಟೊರೊಂಟೊದ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಜನರ ಆಯುಸ್ಸಿನದೇ ಲೆಕ್ಕ ಹಾಕುವವಳು! ನಿಮ್ಮ ಆಫೀಸಿನ ಲೆಕ್ಕದಲ್ಲಿ ಇದಕ್ಕೊಂದು ಕಾಲಂ ಇದೆಯೇ ಎಂದು ಛೇಡಿಸಿದರೆ, “ನಂಬ್ತೀನಿ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ರಿಸ್ಕ್ ಯಾಕೆ?” ಎನ್ನುತ್ತಾಳೆ. ಕ್ಲಿನಿಕ್ಕಿನ ಕೌಂಟರಿನಲ್ಲಿ ಗಂಡನ ಹೆಸರೇನೆಂದು ಕೇಳಿದರೆ ಪರ್ಸಿನಿಂದ ನನ್ನ ಹೆಲ್ತ್ ಕಾರ್ಡು ತೆಗೆದು ತೋರಿಸುತ್ತಾಳೆ. ಕೌಂಟರಿನ ಹುಡುಗಿ ಅದನ್ನು ಓದಲು ಒದ್ದಾಡುವಾಗ ಇವಳು ನನ್ನ ಕಡೆ ನೋಡಿ, ಹೇಳಿ ಎಂಬಂತೆ ಹುಬ್ಬು ಹಾರಿಸುತ್ತಾಳೆ.

ಈ ಆಸೆ ಈಡೇರಿದ್ದು ಒಂದು ಸೈಕಲ್ ಸವಾರಿಯಿಂದ. ಆಸೆಗೂ ಸೈಕಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದಕ್ಕೆ ಪಾಟೀಲರನ್ನು ಪರಿಚಯಿಸಬೇಕು. ಪಾಟೀಲರು ಧಾರವಾಡದವರು, ಮಿಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಸೂಪರ್‌ವೈಸರು. ಮೈಸೂರಿನವರಾದ ನಾವು ಒಂದು ರೀ ಇಟ್ಟುಕೊಂಡು ಸಂಸಾರ ನಡೆಸಿದರೆ, ಪಾಟೀಲರ ಬಾಯಲ್ಲಿ ರೀ ಇಲ್ಲದ ವಾಕ್ಯವೇ ಇಲ್ಲ. ಹೌದ್ರೀ, ಇಲ್ರೀ, ಬರ್ರೀ, ಕುಂದರ್ರೀ. ಅವರು ಇಂಗ್ಲಿಷ್ ಮಾತಾಡುವಾಗಲೂ ಅದು ಬಂದು ಅಂಟಿಕೊಳ್ಳುತ್ತದೆ. ವೇರ್‌ಹೌಸಿನ ಟ್ರಕ್ ಡ್ರೈವರುಗಳಿಗೆಲ್ಲ ಅವರು ‘ಓಕೇರೀ’ ಎಂದು ಹೇಳಿ ಹೇಳಿ ಈಗ ಅವರೂ ಓಕೇರೀ ಎನ್ನುತ್ತಾರಂತೆ. ಆ ಬೇಸಿಗೆ ಅವರ ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ಒಂಟಿಯಾಗಿ ಬೇಜಾರಾಗಿದ್ದ ಪಾಟೀಲರು ಒಂದು ಶನಿವಾರ ರಿಚ್ಮಂಡ್ ಹಿಲ್ಲಿನ ನಮ್ಮ ಮನೆಗೆ ಬಂದು ಸೈಕಲ್ ಸವಾರಿಯ ಪ್ರಸ್ತಾಪ ಎತ್ತಿದರು.

“ಕ್ಯಾಲೆಡನ್ ಕಡೆ ಹಳೇ ರೈಲ್ವೆ ಹಾದಿ ಐತ್ರೀ ಸರ. ಹಳಿ ಕಿತ್ತು, ಸಣ್ಣ ಜಲ್ಲಿ ಹಾಸಿ, ಸೈಕಲ್ ಹೊಡ್ಯಾಕ ಬಿಟ್ಟಾರ್ರೀ. ರೈಲು ಓಡಾಡಿದ ಹಾದಿ, ಏರು ಇಲ್ಲ ಇಳಿಜಾರು ಇಲ್ಲ. ಆರಾಮಾಗಿ ಹೋಗೂದು, ಊಟಾ ಮಾಡೂದು, ಆರಾಮಾಗಿ ಬರೂದು.”

“ದಾರಿ ಹೇಗೆ?” ಎಂದೆ ನಾನು. ನನ್ನ ಮೊದಲ ಪ್ರಶ್ನೆ ಯಾವಾಗಲೂ ಅದೇ. ದಿಕ್ಕಿನ ವಿಷಯದಲ್ಲಿ ದೇವರು ನನಗೆ ಅನ್ಯಾಯ ಮಾಡಿದ್ದಾನೆ. ಮಾಲಿನಲ್ಲಿ ಅಂಗಡಿಯೊಂದರ ಒಳಗೆ ಹೋಗಿ ಹೊರಗೆ ಬಂದರೆ, ಬಂದದ್ದು ಎಡಗಡೆಯಿಂದಲೋ ಬಲಗಡೆಯಿಂದಲೋ ತಿಳಿಯುವುದಿಲ್ಲ. ಪಾರ್ಕಿಂಗಿನಲ್ಲಿ ನನ್ನದಲ್ಲದ ಕಾರುಗಳಿಗೆ ಕೀಲಿಕೈ ಹಾಕಿ ಬೈಸಿಕೊಂಡಿದ್ದೇನೆ.

“ರೈಲ್ವೆ ಹಾದ್ಯಾಗ ದಾರಿ ತಪ್ಪಾಕ ಹೆಂಗ ಬರ್ತೈತ್ರೀ? ಇರೂದ ಎರಡು ದಿಕ್ಕು. ಒಂದು ಹೋಗೂದು, ಒಂದು ಬರೂದು” ಎಂದರು ಪಾಟೀಲರು.

ಸೋಫಾದ ಮೇಲೆ ಕಾಲು ಚಾಚಿಕೊಂಡು ಕೂತಿದ್ದ ಮೇಘ, “ಡ್ಯಾಡ್, ಇಟ್ಸ್ ಎ ಸ್ಟ್ರೇಟ್ ಲೈನ್. ಈವನ್ ಯು ಕಾಂಟ್ ಗೆಟ್ ಲಾಸ್ಟ್” ಎಂದಳು. ತಾನು ಮಾತ್ರ ಬರುವುದಿಲ್ಲವೆಂದೂ ಗೆಳತಿಯ ಮನೆಗೆ ಹೋಗುವುದಿದೆಯೆಂದೂ ತಿಳಿಸಿದಳು. ಹನ್ನೆರಡು ವರ್ಷದ ಹುಡುಗಿ ಅಪ್ಪನ ಬುದ್ಧಿಯ ಮಟ್ಟವನ್ನು ಇಷ್ಟು ನಿಖರವಾಗಿ ತಿಳಿದಿರಬಾರದು. ನನಗೆ ಸ್ವಲ್ಪ ರೋಷವೇ ಬಂತು. ಆಗಲಿ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ನೆರೆಹೊರೆಯವರು ಹಳೇ ಸಾಮಾನು ಮಾರುವ ಗ್ಯಾರೇಜ್ ಸೇಲುಗಳಲ್ಲಿ ಸಂಪಾದಿಸಿದ ಸೈಕಲ್ಲುಗಳನ್ನು ಪಾಟೀಲರ ವ್ಯಾನಿನ ಬೆನ್ನಿಗೆ ಕಟ್ಟಿಕೊಂಡು ಹೊರಟೆವು. ನನ್ನ ಹೆಂಡತಿ ಮೈಸೂರಿನಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು; ಚೂಡಿದಾರದ ಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಹೆಲ್ಮೆಟ್ಟಿನ ಕೆಳಗೆ ಜಡೆ ಬಿಟ್ಟುಕೊಂಡು ಹತ್ತಿ ಕೂತರೆ ವಯಸ್ಸೇ ಕಾಣದು. ನನ್ನ ಹೆಲ್ಮೆಟ್ಟು ಮಾತ್ರ ಬ್ರೇಕು ಹಾಕಿದಾಗಲೆಲ್ಲ ಹಣೆಗೆ ಇಳಿದು, ಲೋಕವನ್ನು ಅರ್ಧ ಮುಚ್ಚುತ್ತಿತ್ತು. ಸಣ್ಣ ಊರೊಂದರ ಅಂಚಿನಲ್ಲಿ ವ್ಯಾನು ನಿಲ್ಲಿಸಿದೆವು. ಪಾಟೀಲರ ಹತ್ತಿರ ಒಂದು ಸೆಲ್‌ಫೋನು ಇತ್ತು. ಆಗಿನ್ನೂ ಅದು ಎಲ್ಲರ ಕೈಗೆ ಬಂದಿರಲಿಲ್ಲ. ನನ್ನ ಸೊಂಟದಲ್ಲಿ ಆಫೀಸಿನವರು ಕಟ್ಟಿದ ಪೇಜರ್ ಮಾತ್ರ ಇತ್ತು. ಬಿದ್ದರೆ ಒಡೆದೀತು ಎಂದು ಪಾಟೀಲರು ಆ ಫೋನನ್ನು ಜೋಪಾನವಾಗಿ ವ್ಯಾನಿನಲ್ಲೇ ಇಟ್ಟರು.

ದಾರಿಯೇನೋ ಅವರು ಹೇಳಿದಂತೆಯೇ ಇತ್ತು. ಎರಡೂ ಕಡೆ ಮೇಪಲ್ ಮರಗಳು, ಅವುಗಳ ಆಚೆ ಜೋಳದ ಹೊಲ, ಬೇಲಿಯ ಹಿಂದೆ ಕುದುರೆಗಳು. ಬೀಸುವ ಗಾಳಿಗೆ ಸೋಪಿನ ಜಾಹೀರಾತಿನಲ್ಲಿ ಇರುವವರಂತೆ ಹೋಗುತ್ತಿದ್ದೆವು. ಆದರೆ ಅಲ್ಲಿಯ ಸೈಕಲ್ ಸವಾರರಿಗೆ ಒಂದು ಪದ್ಧತಿ. ಹಿಂದಿನಿಂದ ಬಂದು ದಾಟುವಾಗ “ಆನ್ ಯುವರ್ ಲೆಫ್ಟ್!” ಎಂದು ಕೂಗುತ್ತಾರೆ. ಮೊದಲ ಸಲ ಅದನ್ನು ಕೇಳಿದಾಗ ನಾನು ಹೇಳಿದ ಮಾತು ಕೇಳುವ ಮನುಷ್ಯನಾದ್ದರಿಂದ ತಕ್ಷಣ ಎಡಕ್ಕೆ ತಿರುಗಿದೆ. ಹಿಂದಿನಿಂದ ಬಂದ ಗಡ್ಡದ ಯುವಕ ಪೊದೆಯೊಳಗೆ ಹೋಗಿ ಹೊರಗೆ ಬಂದು, ಏನೋ ಅಂದುಕೊಳ್ಳುತ್ತ ಮುಂದೆ ಹೋದ.

“ಎಡಕ್ಕ ಬರಾಕತ್ತೀನಿ ಅಂತಾರ್ರೀ ಸರ, ಎಡಕ್ಕ ಹೋಗು ಅನ್ನೂದಿಲ್ಲ” ಎಂದು ಪಾಟೀಲರು ತಿಳಿಸಿಕೊಟ್ಟರು. ಈ ಊರಿನ ಸೈಕಲ್ ಲೋಕದಲ್ಲಿ ನನಗೆ ಗೊತ್ತಿಲ್ಲದ ಶಿಷ್ಟಾಚಾರಗಳು ಇನ್ನೂ ಎಷ್ಟಿವೆಯೋ ಎಂದು ಅಂದಿನಿಂದ, ಅಂದರೆ ಆ ನಿಮಿಷದಿಂದ, ನನಗೆ ಒಂದು ಅಂಜಿಕೆ ಕೂತುಬಿಟ್ಟಿತು.

ಮಧ್ಯಾಹ್ನ ದಾರಿಯ ಪಕ್ಕದ ಬೆಂಚೊಂದರಲ್ಲಿ ಊಟ. ನಮ್ಮ ಕಡೆಯಿಂದ ಪುಳಿಯೋಗರೆ, ಮೊಸರನ್ನ; ಪಾಟೀಲರ ಕಡೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿಕೊಂಡು ತಿಂದ ಮೇಲೆ ನನಗೆ ಪೊದೆಯ ಕಡೆ ಹೋಗಬೇಕಾಯಿತು. ಇಂಥ ವಿಷಯದಲ್ಲಿ ನಾನು ಸಂಕೋಚದವನು. ಬೆಂಚಿಗೆ ಕಾಣದಷ್ಟು ದೂರ ಸೈಕಲ್ ತುಳಿದುಕೊಂಡು ಹೋದೆ. ಅಲ್ಲಿ ದಾರಿ ಒಂದು ಸಣ್ಣ ಹಳ್ಳದ ಮೇಲೆ ಹಾದುಹೋಗುತ್ತಿತ್ತು. ರೈಲಿನ ಕಾಲದ ಗಟ್ಟಿ ಸೇತುವೆ. ಅದರ ಕಂಬಿಗೆ ಸೈಕಲ್ ಒರಗಿಸಿ, ವಾಪಸು ಹತ್ತಿ ಬರುವಾಗ ಬೆಂಚು ಇರುವುದು ನನ್ನ ಎಡಕ್ಕೆ ಎಂದು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು, ದಿಬ್ಬ ಇಳಿದೆ. ಕೆಲಸ ಮುಗಿಸಿ, ಕೈ ತೊಳೆಯಲು ಹಳ್ಳದ ನೀರಿಗಿಳಿದು, ಸೇತುವೆಯ ಕೆಳಗೇ ನಡೆದು, ಹತ್ತಲು ಸುಲಭವಾಗಿ ಕಂಡ ಕಡೆ ಹತ್ತಿ ಬಂದೆ. ಅದು ಸೇತುವೆಯ ಆಚೆ ಮಗ್ಗುಲು. ಅಲ್ಲಿಂದ ಎಡವೆಂದರೆ ಬೆಂಚಿಗೆ ಬೆನ್ನು. ಇದು ಈಗ ಕಾಗದದ ಮೇಲೆ ಚಿತ್ರ ಬರೆದು ಮೇಘ ವಿವರಿಸಿದ್ದರಿಂದ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಎಡ ಎಂಬುದೊಂದೇ. ಸೈಕಲ್ ತೆಗೆದುಕೊಂಡು ಎಡಕ್ಕೇ ಹೊರಟೆ.

ಎಷ್ಟು ಹೋದರೂ ಬೆಂಚು ಬರಲಿಲ್ಲ. ಇವರು ನನ್ನನ್ನು ಬಿಟ್ಟು ಮುಂದೆ ಹೋಗಿದ್ದಾರೆ, ಹೋಗುವಾಗ ಬೆಂಚನ್ನೂ ಏನು ಮಾಡಿದರೋ ಎಂದು ಗೊಂದಲವಾಯಿತು. ಜೋರಾಗಿ ತುಳಿದರೆ ಸಿಗುತ್ತಾರೆ ಎಂದು ಜೋರಾಗಿ ತುಳಿದೆ. ಮುಂದೆ ಇರುವವರನ್ನು ಹಿಡಿಯಲು ಜೋರಾಗಿ ಹೋಗುವುದು ಸರಿ. ಹಿಂದೆ ಇರುವವರನ್ನು ಹಿಡಿಯಲು ಅದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ಅತ್ತ ಬೆಂಚಿನ ಬಳಿ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಾದದ್ದು ಆಮೇಲೆ. ನಾನು ಬಾರದಿದ್ದಾಗ ನನ್ನ ಹೆಂಡತಿ ಸೇತುವೆಯವರೆಗೆ ಬಂದು ನೋಡಿದ್ದಾಳೆ. ನಾನೂ ಇಲ್ಲ, ಸೈಕಲ್ಲೂ ಇಲ್ಲ. ಕೆಳಗೆ ನೀರು ಹರಿಯುತ್ತಿದೆ. ಓಡಿ ಬಂದು ಪಾಟೀಲರಿಗೆ ಹೇಳಿದಳಂತೆ. “ನೀವು ಚಿಂತಿ ಮಾಡಬ್ಯಾಡ್ರೀ ಅಕ್ಕಾರ, ಸರ ವ್ಯಾನಿನ ಕಡೆ ಹೋಗಿರ್ತಾರ” ಎಂದು ಪಾಟೀಲರು ಬಂದ ದಾರಿಯಲ್ಲಿ ವಾಪಸು ಹೊರಟರು. ಇವಳು ಬೆಂಚಿನ ಹತ್ತಿರ ನಿಂತು ಎರಡೂ ಕಡೆಗೆ ತಿರುಗಿ ತಿರುಗಿ “ರೀ… ರೀ…” ಎಂದು ಕೂಗುತ್ತಿದ್ದಳು. ಅಷ್ಟರಲ್ಲಿ ಅಲ್ಲಿಗೆ ಮುದುಕ ಮುದುಕಿಯರ ಸೈಕಲ್ ತಂಡವೊಂದು ಬಂತು. ಅವರ ನಾಯಕಿ ಡೊರೊಥಿ ಎಂಬಾಕೆ. ಎಪ್ಪತ್ತು ದಾಟಿದ, ಬಲು ಚುರುಕಿನ ಹೆಂಗಸು. ಏನಾಯಿತಮ್ಮಾ ಎಂದು ಕೇಳಿದರು. ಗಂಡ ಕಾಣುತ್ತಿಲ್ಲ ಎಂದಳು. ಅವನ ಹೆಸರೇನು ಎಂದು ಕೇಳಿದರು.

ಹೆಲ್ತ್ ಕಾರ್ಡು ಇದ್ದ ಪರ್ಸು ವ್ಯಾನಿನಲ್ಲಿತ್ತು. ಇವಳು ಒಂದು ಕ್ಷಣ ತಡವರಿಸಿದಳು. ಡೊರೊಥಿ ಆ ಗಾಬರಿಯನ್ನು ಅರ್ಥಮಾಡಿಕೊಂಡವರಂತೆ ಭುಜ ತಟ್ಟಿ, “ನೀನು ಕೂಗುತ್ತಿದ್ದದ್ದು ಕೇಳಿಸಿತು. ರೀ, ಅಲ್ಲವೇ?” ಎಂದರು. ಇವಳು ಹೂಂ ಎಂದುಬಿಟ್ಟಳು. “ಅಲ್ಲ ಅಂತ ಶುರು ಮಾಡಿದ್ರೆ ಎಲ್ಲಿಂದ ಹೇಳ್ಲಿ? ಅಜ್ಜಿಯಿಂದ ಹೇಳ್ಬೇಕಾಗಿತ್ತು” ಎಂಬುದು ಅವಳ ಸಮರ್ಥನೆ. ಡೊರೊಥಿ ತಮ್ಮ ತಂಡವನ್ನು ಎರಡು ಪಾಲು ಮಾಡಿದರು. ಭಾರತದವನು, ನಡುವಯಸ್ಸು, ಹೆಲ್ಮೆಟ್ ಹಾಕಿದ್ದಾನೆ, ಹೆಸರು ರೀ. ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಎದುರಾದ ಸವಾರರಿಗೂ ಸುದ್ದಿ ಮುಟ್ಟಿಸಿರಿ ಎಂದು ಅಪ್ಪಣೆಯಾಯಿತು. ನೋಡುನೋಡುತ್ತಿದ್ದಂತೆ ಆ ಕಾಡಿನ ಉದ್ದಕ್ಕೂ “ರೀ! ರೀ!” ಎಂಬ ಕೂಗು ಎದ್ದಿತು.

ಮೊದಲು ಸಿಕ್ಕಿದವರು ಪಾಟೀಲರು. ಭಾರತದವರು, ನಡುವಯಸ್ಸು, ಹೆಲ್ಮೆಟ್ ಇತ್ತು. ಇಬ್ಬರು ಮುದುಕರು ಅವರನ್ನು ಅಡ್ಡಗಟ್ಟಿ “ಆರ್ ಯು ರೀ?” ಎಂದರು. ಬೆಳ್ಳಗಿನ ಪರದೇಶದ ಹಿರಿಯರೊಬ್ಬರು ತಮ್ಮನ್ನು ಧಾರವಾಡದ ಮರ್ಯಾದೆಯಿಂದ ರೀ ಹಚ್ಚಿ ಮಾತಾಡಿಸಿದ್ದು ಕೇಳಿ ಪಾಟೀಲರಿಗೆ ಕಣ್ಣಲ್ಲಿ ನೀರೇ ಬಂತಂತೆ. “ಹೌದ್ರೀ!” ಎಂದರು. ಅವರನ್ನು ಮಧ್ಯೆ ಹಾಕಿಕೊಂಡು ಇಬ್ಬರೂ ವಿಜಯೋತ್ಸಾಹದಿಂದ ಬೆಂಚಿನ ಬಳಿಗೆ ಕರೆತಂದು ನನ್ನ ಹೆಂಡತಿಗೆ ಒಪ್ಪಿಸಿದರು. ಡೊರೊಥಿ ಚಪ್ಪಾಳೆ ತಟ್ಟಿದರು. ಇವನು ನನ್ನ ಗಂಡನಲ್ಲ ಎಂದಳು ಇವಳು. ತಾನೇ ರೀ ಎಂದು ಒಪ್ಪಿಕೊಂಡಿದ್ದಾನಲ್ಲ ಎಂದರು ಮುದುಕರು. ಪಾಟೀಲರು ಎರಡೂ ಕೈ ಆಡಿಸಿ, “ಅಲ್ರೀ! ನಾ ಅಲ್ರೀ! ನೋರೀ, ನೋರೀ!” ಎಂದರು. ಹೇಳಿದಷ್ಟೂ ಅವರ ಮೇಲೆ ಸಂಶಯ ಹೆಚ್ಚಾಯಿತು. ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗಲೊಲ್ಲದ ಗಂಡನನ್ನು ನೋಡುವಂತೆ ಡೊರೊಥಿ ಅವರನ್ನು ನೋಡಿ, ಪಕ್ಕಕ್ಕೆ ಕರೆದು, ಸಂಸಾರ ಎಂದ ಮೇಲೆ ಇದೆಲ್ಲ ಇದ್ದದ್ದೇ, ಎದುರಿಸಬೇಕು ಎಂದು ಬುದ್ಧಿ ಹೇಳಿದರಂತೆ.

ಇನ್ನು ನನ್ನ ಕಡೆಯ ಕಥೆ. ನಾನು ಏದುಸಿರು ಬಿಡುತ್ತ ತುಳಿಯುತ್ತಿದ್ದೆ. ಹಿಂದಿನಿಂದ ಒಬ್ಬಾಕೆ ಸೈಕಲ್ಲಿನಲ್ಲಿ ಬಂದು ಪಕ್ಕದಲ್ಲಿ ದಾಟುತ್ತ, ನನ್ನ ಮುಖ ನೋಡಿ, “ರೀ?” ಎಂದಳು. ನಾನು ಗಕ್ಕನೆ ನಿಂತೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನನ್ನನ್ನು ಹಾಗೆ ಕರೆದ ಎರಡನೆಯ ಹೆಂಗಸು ಆಕೆ. ನಾಚಿಕೆಯೂ ಆಯಿತು, ಅಕ್ಕಪಕ್ಕ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದೆ. ಏನು ಹೇಳಬೇಕೋ ತೋಚುವಷ್ಟರಲ್ಲಿ ಹಿಂದಿನಿಂದಲೇ ಬಿಳಿಮೀಸೆಯ ಅಜ್ಜನೊಬ್ಬ ಬಂದು ಗಂಟಲು ತೆರೆದು “ರೀ!” ಎಂದು ಕೂಗಿದ. ಹೆಂಗಸು ಅವನಿಗೆ “ರೀ?” ಎಂದಳು. ಅವನು ತಲೆ ಅಲ್ಲಾಡಿಸಿದ. ಆಗ ನನಗೆ ಹೊಳೆಯಿತು. ಆನ್ ಯುವರ್ ಲೆಫ್ಟ್ ಇದ್ದಂತೆ ಇದೂ ಒಂದು ಸೈಕಲ್ ಶಿಷ್ಟಾಚಾರ. ಎದುರಾದವರಿಗೆ ಹಾಗೆ ಹೇಳಬೇಕು. ಒಮ್ಮೆ ಒಬ್ಬನನ್ನು ಪೊದೆಗೆ ತಳ್ಳಿದ್ದು ಸಾಕು, ಇದರಲ್ಲಾದರೂ ನಾವು ಮರ್ಯಾದಸ್ಥರು ಎಂದು ತೋರಿಸೋಣ ಎಂದು ಹೆಲ್ಮೆಟ್ಟು ಮೇಲೆತ್ತಿ, ನಗುನಗುತ್ತ, “ರೀ! ರೀ!” ಎಂದು ಇಬ್ಬರಿಗೂ ಹೇಳಿ ಮುಂದೆ ಹೋದೆ. ಆಮೇಲೆ ಬಂದವರಿಗೆಲ್ಲ ಅವರು ಬಾಯಿ ತೆರೆಯುವ ಮೊದಲೇ ನಾನೇ ರೀ ಎಂದುಬಿಡುತ್ತಿದ್ದೆ. ಅವರೂ ಸಂತೋಷದಿಂದ ಹೆಬ್ಬೆರಳು ಎತ್ತುತ್ತಿದ್ದರು. ಅವರು ಹೋಗಿ ಡೊರೊಥಿಗೆ ಕೊಟ್ಟ ವರದಿ ಹೀಗಿತ್ತು: ಆ ಕಡೆ ರೀ ಸಿಕ್ಕಿಲ್ಲ, ಆದರೆ ಒಬ್ಬ ಒಳ್ಳೆಯ ಭಾರತೀಯ ನಮ್ಮ ಜೊತೆ ಸೇರಿ ಮನಸ್ಸಿಟ್ಟು ಹುಡುಕುತ್ತಿದ್ದಾನೆ.

ಇದನ್ನು ಕೇಳಿದ ಮೇಲೆ, ಆ ಒಳ್ಳೆಯ ಭಾರತೀಯ ನಾನೇ ಇರಬಹುದೆಂಬ ಅನುಮಾನದಿಂದ, ನನ್ನ ಹೆಂಡತಿ ಅಲ್ಲಿ ನಿಲ್ಲಲಿಲ್ಲ. ಪಾಟೀಲರನ್ನು ಡೊರೊಥಿಯ ಬುದ್ಧಿವಾದಕ್ಕೆ ಬಿಟ್ಟು, ಸೈಕಲ್ ಹತ್ತಿ ನಾನು ಹೋದ ದಿಕ್ಕಿಗೆ ಹೊರಟಳು. “ರೀ” ಎಂದು ಕೂಗಿದಳು. ಮರಗಳ ಆಚೆಯಿಂದ ಯಾರೋ “ರೀ” ಎಂದರು. ಇನ್ನೊಂದು ಕಡೆಯಿಂದ ಇನ್ನ್ಯಾರೋ. ಇಪ್ಪತ್ತು ವರ್ಷ ಅವಳೊಬ್ಬಳದೇ ಆಗಿದ್ದ ಮಾತು ಅಂದು ಊರವರ ಪಾಲಾಗಿತ್ತು. ತಾನು ಕೂಗಿದರೆ ಅದು ತನ್ನ ಕೂಗೆಂದು ನನಗೆ ತಿಳಿಯುವುದು ಹೇಗೆ? ಆ ಭಾರತೀಯ ನಾನಲ್ಲದಿದ್ದರೆ ಎಂದು ಅವಳ ಕಣ್ಣಿಗೆ ಆ ಹಳ್ಳ, ಆ ನೀರು ಕಟ್ಟಿದ್ದವು. ದಾರಿಯ ಮಧ್ಯೆ ನಿಂತು, ಅಜ್ಜಿಯನ್ನು ಒಂದು ಸಲ ನೆನೆದು, ಉಸಿರು ಎಳೆದುಕೊಂಡು ನನ್ನ ಹೆಸರು ಹಿಡಿದು ಕೂಗಿದಳಂತೆ. ಮೊದಲ ಸಲ ದನಿಯೇ ಹೊರಡಲಿಲ್ಲವಂತೆ. ಆಮೇಲೆ ಹೊರಟದ್ದು ನಿಲ್ಲಲಿಲ್ಲ.

ಈ ಹೊತ್ತಿಗೆ ನಾನು ಒಂದು ರಸ್ತೆಯ ಗೇಟಿನವರೆಗೆ ಹೋಗಿ, ಇದ್ಯಾವ ಊರೆಂದು ತಿಳಿಯದೆ, ಒಂದು ಕುದುರೆಯ ಮುಖ ನೋಡಿ, ತಿರುಗಿ ಬರುತ್ತಿದ್ದೆ. ದೂರದಲ್ಲಿ, ದಾರಿ ಬಾಗುವ ಕಡೆ, ಒಬ್ಬ ಹೆಂಗಸಿನ ದನಿ ಕೇಳಿಸಿತು. ಕೂಗಿ ಕೂಗಿ ಒಡೆದ ದನಿ. “ವಿಶ್ವನಾಥಾ… ವಿಶ್ವನಾಥಾ…” ಅರೆರೆ, ಇಲ್ಲೂ ನಮ್ಮವರು ಯಾರೋ ಇದ್ದಾರಲ್ಲ ಎಂದು ಮೊದಲು ಸಂತೋಷವಾಯಿತು. ಮರುಗಳಿಗೆಗೆ ವಿಷಯ ಅರ್ಥವಾಯಿತು. ಪಾಪ, ಯಾವಳೋ ತಾಯಿ ಮಗನನ್ನು ಕಳೆದುಕೊಂಡಿದ್ದಾಳೆ. ಹುಡುಗನಿಗೆ ಇನ್ನೂ ಚಿಕ್ಕ ವಯಸ್ಸಿರಬೇಕು, ಇಲ್ಲವಾದರೆ ಹೀಗೆ ಅಳು ಬರುವಂತೆ ಕೂಗುತ್ತಿರಲಿಲ್ಲ. ಈ ದೇಶದಲ್ಲಿ ಮಗನಿಗೆ ಕತ್ತರಿಸದೆ ವಿಶ್ವನಾಥ ಎಂದೇ ಹೆಸರಿಟ್ಟಿದ್ದಾರಲ್ಲ ಎಂದು ಆ ತಾಯಿಯ ಮೇಲೆ ಗೌರವವೂ ಮೂಡಿತು. ನನ್ನ ಹೆಂಡತಿಯನ್ನು ಹುಡುಕುವ ಕೆಲಸ ಒಂದು ಕಡೆ ಇರಲಿ, ಮಗುವಿನ ವಿಷಯ ಮೊದಲು ಎಂದುಕೊಂಡೆ. ಸೈಕಲ್ ನಿಲ್ಲಿಸಿ, ಪೊದೆಗಳ ಕಡೆ ಬಗ್ಗಿ ನೋಡುತ್ತ, ನಾನೂ ಕೂಗಲು ಶುರುಮಾಡಿದೆ.

“ವಿಶ್ವನಾಥಾ! ಲೋ ವಿಶ್ವನಾಥಾ! ಎಲ್ಲಿದೀಯೋ? ಅಮ್ಮ ಕರೀತಿದಾರೆ, ಬಾರೋ!”

ಆ ಕಡೆಯ ದನಿ ನಿಂತುಹೋಯಿತು. ತಾಯಿಗೆ ಧೈರ್ಯ ಬಂತೆಂದು ನಾನು ಇನ್ನೂ ಜೋರಾಗಿ, “ಹೆದರಬೇಡ ಕಣೋ, ಯಾರೂ ಬೈಯಲ್ಲ!” ಎಂದೆ. ದಾರಿಯ ತಿರುವಿನಲ್ಲಿ ಒಂದು ಸೈಕಲ್ ಕಾಣಿಸಿತು. ಚೂಡಿದಾರದ ಕಾಲಿಗೆ ಕ್ಲಿಪ್ಪು. ಹೆಲ್ಮೆಟ್ಟಿನ ಕೆಳಗೆ ಜಡೆ. ನನ್ನ ಹೆಂಡತಿ. ಕಣ್ಣು ಕೆಂಪಗಾಗಿತ್ತು, ಮುಖವೆಲ್ಲ ಬೆವರು. ಅವಳು ಸೈಕಲ್ಲನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದು ನನ್ನ ಹೆಲ್ಮೆಟ್ಟು ಕಿತ್ತು, ತಲೆಯನ್ನೆಲ್ಲ ತಡವಿ ನೋಡಿದಳು. ಪೆಟ್ಟು ಬಿದ್ದು ಬುದ್ಧಿ ಪಲ್ಲಟವಾಗಿದೆ ಎಂದು ಅವಳ ಭಯ.

“ರೀ, ಯಾರನ್ನ ಕರೀತಿದ್ರಿ ನೀವು?”

“ಯಾವುದೋ ಹುಡುಗ ಕಳೆದುಹೋಗಿದಾನೆ. ಅವನಮ್ಮ ಕೂಗ್ತಿದ್ರು, ನಿನಗೆ ಕೇಳಿಸ್ಲಿಲ್ವಾ?” ಎಂದೆ.

“ಯಾವ ಹುಡುಗ?”

“ವಿಶ್ವನಾಥ ಅಂತೆ.”

ಅವಳು ನನ್ನನ್ನೇ ನೋಡುತ್ತ ನಿಂತಳು. ನಾನೂ ನೋಡಿದೆ. ಕೂಗಿದವಳು ಇವಳೇ ಎಂದು ಹೊಳೆದಾಗ ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಕಾದ ಮಾತು ಕಾಡು ತುಂಬ ಹರಿದಾಡಿತ್ತು, ನಾನು ಅದನ್ನು ಬೇರೆ ಯಾರದೋ ಮಗನಿಗೆ ದಾನ ಮಾಡಿ, ಮೇಲೆ ನನ್ನ ಕೂಗನ್ನೂ ಸೇರಿಸಿ ಅವಳ ಕೂಗನ್ನು ಮುಚ್ಚಿಹಾಕಿದ್ದೆ. “ಇನ್ನೊಂದು ಸಲ ಕರಿ” ಎಂದೆ. ನಿಜಕ್ಕೂ ಬೇಡಿಕೊಂಡೆ. ಅವಳು ಕಣ್ಣೊರೆಸಿಕೊಂಡು, “ಸುಮ್ನಿರಿ ರೀ, ಅಲ್ಲಿ ಪಾಟೀಲರನ್ನ ಬಿಡಿಸ್ಕೊಂಡು ಬರ್ಬೇಕು” ಎಂದು ಸೈಕಲ್ ಎತ್ತಿದಳು.

ಪಾಟೀಲರನ್ನು ಬಿಡಿಸಿದೆವು. ಡೊರೊಥಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ನೀನೇ ರೀ ಏನು, ನಮ್ಮ ಜೊತೆ ನಿನ್ನನ್ನೇ ನೀನು ಹುಡುಕುತ್ತಿದ್ದೆಯಾ ಎಂದು ಕೇಳಿದರು. ನನ್ನ ಉತ್ತರದಿಂದ ಅವರ ಗೊಂದಲ ಕಡಿಮೆಯಾಗಲಿಲ್ಲ. ಮುಂದಿನ ಭಾನುವಾರ ನನ್ನ ಹೆಂಡತಿ ರಿಚ್ಮಂಡ್ ಹಿಲ್ಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ನನ್ನ ಆಯುಸ್ಸಿಗೆಂದು ಅರ್ಚನೆ ಮಾಡಿಸಿದಳು. ಎಷ್ಟು ಸಲ ಕೂಗಿದೆಯೆಂದು ಲೆಕ್ಕವಿದೆಯೇ ಎಂದು ಕೇಳಿದೆ. ಆಯುಸ್ಸಿನ ಲೆಕ್ಕದಲ್ಲೇ ಸಂಬಳ ಪಡೆಯುವ ಅವಳು, ಇಡಲಿಲ್ಲ ಎಂದಳು. ಅರ್ಚಕರು ಯಜಮಾನರ ಹೆಸರು ಕೇಳಿದಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನೇ ಹೇಳಿದೆ.

ಇದನ್ನೆಲ್ಲ ಬರೆದು ಮುಗಿಸಿ ನಿನ್ನೆ ಅವಳಿಗೆ ಓದಲು ಕೊಟ್ಟೆ. ಓದುತ್ತ ಎರಡು ಕಡೆ ನಕ್ಕಳು. ಕೊನೆಯಲ್ಲಿ ಕಾಗದಗಳನ್ನು ಜೋಡಿಸಿ ಕೈಗೆ ಕೊಟ್ಟು, “ಚೆನ್ನಾಗಿದೆ ರೀ. ಪಾಟೀಲರ ಹೆಸರಿದೆ, ಮೇಘಳ ಹೆಸರಿದೆ, ಆ ಡೊರೊಥಿ ಹೆಸರು ಬೇಕಾದಷ್ಟು ಕಡೆ ಇದೆ. ನನ್ನದೆಲ್ಲಿ?” ಎಂದು ಅಡುಗೆಮನೆಗೆ ಹೋದಳು. ನಾನು ಪುಟ ತಿರುವಿ ತಿರುವಿ ಹುಡುಕಿದೆ. ನನ್ನ ಹೆಂಡತಿ, ಇವಳು, ಅವಳು, ಮತ್ತೆ ನನ್ನ ಹೆಂಡತಿ. ಬರಹದಲ್ಲಷ್ಟೇ ಅಲ್ಲ, ಅಂದು ಆ ದಾರಿಯಲ್ಲಿ ಅಷ್ಟು ಹೊತ್ತು ಅವಳನ್ನು ಹುಡುಕಿದವನು ಅವಳ ಹೆಸರು ಹಿಡಿದು ಒಂದು ಸಲವೂ ಕೂಗಿರಲಿಲ್ಲ, ಕೂಗಿದ್ದೆಲ್ಲ ನನ್ನದನ್ನೇ. ಮನೆಯಲ್ಲಾದರೂ ಯಾವಾಗ ಕರೆದಿದ್ದೆ? ‘ಏ’, ‘ನೋಡು’, ‘ಕೇಳಿಸ್ತಾ’ ಇವುಗಳಲ್ಲೇ ಇಷ್ಟು ವರ್ಷ ಕಳೆದಿದ್ದೆ. ತುಂಬ ನಾಚಿಕೆಯಾಯಿತು. ಕುರ್ಚಿಯಿಂದ ಎದ್ದು, ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ತಿರುಗಿ, “ಸರೋಜಾ” ಎಂದು ಕರೆದೆ. ಒಳಗೆ ಕುಕ್ಕರು ಕೂಗುತ್ತಿತ್ತು. ಇನ್ನೊಮ್ಮೆ, ಗಟ್ಟಿಯಾಗಿ ಕರೆದೆ.

“ರೀ,” ಎಂದಿತು ಒಳಗಿನಿಂದ ದನಿ, “ಯಾರು ಬಂದಿದಾರೆ?”